ತಾಲೀಮು ಮೇಷ್ಟ್ರ ನೇರ ಸಂವಾದ

ನಮ್ಮ ವಿಭಾಗದಲ್ಲಿ ಅತಿಥಿಗಳ ಭಾಷಣ ಮುಗಿದ ಮೇಲೆ "ಈಗ ಯಾರಾದರೂ ಪ್ರಶ್ನೆ ಕೇಳಬಹುದು" ಎಂದು ಹೇಳುವ ಪದ್ಧತಿ ಉಂಟು. ಹಿಂದೆಲ್ಲ ಹಾಗೆಂದ ಕೂಡಲೇ ವಿದ್ಯಾರ್ಥಿಗಳು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುತ್ತಿದ್ದರು. ಒಮ್ಮೆ ಮಾತ್ರ ಒಬ್ಬ ಹುಡುಗ ಎದ್ದು, ದೊಡ್ಡ ಉದ್ಯಮಿಯೊಬ್ಬರನ್ನು "ಸರ್, ನಿಮ್ಮ ಕಾರ್ಖಾನೆ ಹೊಗೆ ನಮ್ಮ ಹಾಸ್ಟೆಲ್ಲಿಗೆ ಯಾಕೆ ಬರುತ್ತೆ?" ಎಂದು ಕೇಳಿಬಿಟ್ಟ. ಅತಿಥಿಗಳು ಕಾಫಿ ಕೂಡ ಕುಡಿಯದೆ ಕಾರು ಹತ್ತಿದರು. ನಮ್ಮ ಮುಖ್ಯಸ್ಥರು ಕೆಂಡಾಮಂಡಲವಾದರು. ಅಂದಿನಿಂದ ಸಂವಾದದ ಉಸ್ತುವಾರಿ ತಾಲೀಮು ಮೇಷ್ಟ್ರ ಹೆಗಲಿಗೆ ಬಿತ್ತು. ಆ ಹೆಸರು ಅವರಿಗೆ ಬಂದದ್ದೂ ಆಮೇಲೆಯೇ.

ಅವರು ತಾತ್ಕಾಲಿಕ ಉಪನ್ಯಾಸಕರು. ಪ್ರತಿ ಬೇಸಿಗೆ ರಜೆಗೂ ಅವರ ಕೆಲಸ ಹೋಗುತ್ತಿತ್ತು, ತರಗತಿಗಳು ಶುರುವಾದಾಗ ಮತ್ತೆ ಬರುತ್ತಿತ್ತು, ಅದೂ ಮುಖ್ಯಸ್ಥರು ಮನಸ್ಸು ಮಾಡಿದರೆ. ತಲೆಗೂದಲು ಅರ್ಧ ನೆರೆದರೂ ಅವರ ಮಾವ ನೆಂಟರಿಗೆಲ್ಲ "ನಮ್ಮಳಿಯ ಸದ್ಯಕ್ಕೆ ಮೇಷ್ಟ್ರು" ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಅವರ ಪಕ್ಕದ ಮೇಜಿನವನಾದ ನಾನು ಕಾಯಂ ಆದವನು. ಆದ್ದರಿಂದ ವಿಭಾಗದಲ್ಲಿ ನಾನು ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಇದ್ದುದನ್ನೆಲ್ಲ ಅವರೇ ಮಾಡುತ್ತಿದ್ದರು.

ಅತಿಥಿ ಬರುವ ವಾರ ಅವರು ಕೊನೆಯ ತರಗತಿಯ ಬಾಗಿಲು ಹಾಕಿಕೊಂಡು ತಾಲೀಮು ಮಾಡಿಸುತ್ತಿದ್ದರು. ಪ್ರಶ್ನೆಗಳನ್ನು ತಾವೇ ಹಂಚಿ, ಅತಿಥಿಯೂ ತಾವೇ ಆಗಿ, ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ನ್ಯಾಯಾಧೀಶರು ಬರುವ ವಾರ ಅವರು ಅಳೆದು ತೂಗಿ ಮಾತಾಡುತ್ತಿದ್ದರು, ವಿಜ್ಞಾನಿ ಬರುವ ವಾರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಿದ್ದರು. ಮನೆಗೆ ಹೋದರೂ ಗುಂಗು ಇಳಿಯುತ್ತಿರಲಿಲ್ಲ. ಅವರ ಹೆಂಡತಿ ತಟ್ಟೆ ಇಟ್ಟು "ಭಾಷಣ ಸಾಕು, ಊಟಕ್ಕೆ ಬನ್ನಿ ಅತಿಥಿಗಳೇ" ಎಂದು ಕರೆಯುತ್ತಿದ್ದರಂತೆ. ನಿಜವಾದ ಅತಿಥಿಗಳು ಬಂದಾಗ ಪ್ರಶ್ನೆಗಳು ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು. "ಎಂಥ ಚುರುಕು ಮಕ್ಕಳು!" ಎಂದು ಅತಿಥಿಗಳು ಉಬ್ಬುತ್ತಿದ್ದರು, ಮುಖ್ಯಸ್ಥರೂ ಉಬ್ಬುತ್ತಿದ್ದರು.

ಹೀಗಿರುವಾಗ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ತಂಡವೊಂದು ಬರುವುದೆಂದಾಯಿತು. ವಿದ್ಯಾರ್ಥಿಗಳು ಅತಿಥಿಗಳ ಜೊತೆ ನೇರವಾಗಿ ಮಾತಾಡುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಮುಖ್ಯಸ್ಥರು ತಾಲೀಮು ಮೇಷ್ಟ್ರನ್ನು ಕರೆದು, "ಇದೊಂದು ಚೆನ್ನಾಗಿ ಆಗ್ಲಿ, ನಿಮ್ಮ ಕಾಯಂ ವಿಷಯ ನಾನೇ ಮೇಲಕ್ಕೆ ಹೇಳ್ತೀನಿ" ಎಂದರು. ಮೇಷ್ಟ್ರಿಗೆ ಆ ವಾರ ಅನ್ನ ಸೇರಲಿಲ್ಲ.

ಅತಿಥಿಯಾಗಿ ಬಂದವರು ನಗರದ ನೀರು ಸರಬರಾಜಿನಲ್ಲಿ ಜೀವ ಸವೆಸಿ ನಿವೃತ್ತರಾದ ಎಂಜಿನಿಯರಮ್ಮ. ಮುಂದಿನ ಸಾಲಿನಲ್ಲಿ ತಂಡದವರು ಕೂತಿದ್ದರು. ಮೇಷ್ಟ್ರು ಗೋಡೆಗೆ ಒರಗಿ, ಯಾರು ಯಾವಾಗ ಏಳಬೇಕೆಂದು ಬೆರಳಲ್ಲೇ ಸನ್ನೆ ಮಾಡುತ್ತಿದ್ದರು. ಆಯಮ್ಮ ವೇದಿಕೆ ಹತ್ತಿ, "ಭಾಷಣ ಬೇಡ ಮಕ್ಕಳೇ, ನೀವು ಕೇಳಿ, ನಾನು ಹೇಳ್ತೀನಿ" ಎಂದುಬಿಟ್ಟರು.

ಮೊದಲನೆಯ ಹುಡುಗ ಎದ್ದು, "ಮೇಡಂ, ಮುಂದಿನ ತಲೆಮಾರಿಗೆ ನಮ್ಮ ನಗರದಲ್ಲಿ ನೀರು ಸಿಗುತ್ತಾ?" ಎಂದು ಕೇಳಿದ.

"ಗೊತ್ತಿಲ್ಲಪ್ಪ" ಎಂದರು ಆಯಮ್ಮ.

ತಾಲೀಮಿನಲ್ಲಿ ಯಾವ ಅತಿಥಿಯೂ ಗೊತ್ತಿಲ್ಲ ಎಂದದ್ದೇ ಇಲ್ಲ. ಆದರೆ ಮೇಷ್ಟ್ರ ಬೆರಳು ಆಗಲೇ ಎದ್ದಿತ್ತು. ಎರಡನೆಯ ಹುಡುಗಿ ನಿಂತು ಗಡಗಡನೆ ಒಪ್ಪಿಸಿದಳು: "ನೀವು ಈಗ ಹೇಳಿದ ಮೂರು ಕಾರಣಗಳಲ್ಲಿ ಎರಡನೆಯದನ್ನ ಸ್ವಲ್ಪ ವಿವರಿಸ್ತೀರಾ?"

"ನಾನು ಒಂದೂ ಹೇಳಲಿಲ್ವಲ್ಲಮ್ಮ."

ಮೂರನೆಯವನಿಗೆ ಬ್ರೇಕೇ ಇರಲಿಲ್ಲ. "ಮೇಡಂ, ನಿಮ್ಮ ಈ ಆಶಾವಾದದ ಗುಟ್ಟೇನು?"

ಸಭೆಯಲ್ಲಿ ಕಿಸಕ್ಕೆಂದು ನಗು ಎದ್ದಿತು. ಮುಖ್ಯಸ್ಥರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಆಯಮ್ಮನೂ ಮನಸಾರೆ ನಕ್ಕು, "ಆ ಮೂರು ಕಾರಣ ಹೇಳಿದ್ದು ಯಾರು? ನಾನೂ ತಿಳ್ಕೋಬೇಕು" ಎಂದರು. ಎಲ್ಲ ತಲೆಗಳೂ ಗೋಡೆಯ ಕಡೆ ತಿರುಗಿದವು.

"ಬನ್ನಿ ಮೇಷ್ಟ್ರೇ, ಇಲ್ಲಿ ಕೂತ್ಕೊಳ್ಳಿ" ಎಂದು ಆಯಮ್ಮ ತಮ್ಮ ಕುರ್ಚಿ ಬಿಟ್ಟುಕೊಟ್ಟು, ಕೆಳಗಿಳಿದು ಹುಡುಗಿಯರ ಪಕ್ಕ ಕೂತರು. "ಈಗ ಕೇಳಿ. ನಿಮ್ಮದೇ ಪ್ರಶ್ನೆ ಆಗಿರಲಿ."

ತಾಲೀಮಿನಲ್ಲಿ ಕಾಲ ಮೇಲೆ ಕಾಲು ಹಾಕುತ್ತಿದ್ದ ಮನುಷ್ಯ ಈಗ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದರು. ನನಗೆ ಅವರನ್ನು ನೋಡಲಾಗಲಿಲ್ಲ. ಎರಡನೆಯ ಪ್ರಶ್ನೆಯ ಹುಡುಗಿಯೇ ಮತ್ತೆ ಎದ್ದಳು. "ಸರ್, ನಮಗೆ ಪ್ರಶ್ನೆ ಕೇಳೋಕೆ ಬರಲ್ಲ ಅಂತ ಯಾಕೆ ಅಂದ್ಕೊಂಡ್ರಿ?"

ಮೇಷ್ಟ್ರು ಮುಖ್ಯಸ್ಥರನ್ನು ನೋಡಿದರು, ತಂಡದವರನ್ನು ನೋಡಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಬರಲ್ಲ ಅಂತಲ್ಲಮ್ಮ, ಬಂದ್ಬಿಟ್ರೆ ಅಂತ ಭಯ. ನೀವು ಏನೋ ಕೇಳಿ, ಅತಿಥಿಗಳಿಗೆ ಬೇಜಾರಾಗಿ, ಮುಂದಿನ ವರ್ಷ ನನ್ನನ್ನ ಕರೀಲಿಲ್ಲ ಅಂದ್ರೆ? ಮನೇಲಿ ಏನ್ ಹೇಳ್ಲಿ? ಕಾಯಂ ಅಲ್ಲದವನು ಕಣಮ್ಮ ನಾನು. ನಿಮ್ಮ ಬಾಯಿ ಕಟ್ಟಿ ನನ್ನ ಹೊಟ್ಟೆ ನೋಡ್ಕೊಂಡೆ." ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು.

ಆಮೇಲೆ ಕಟ್ಟೆ ಒಡೆದಂತಾಯಿತು. ಹಾಸ್ಟೆಲ್ಲಿನ ನಲ್ಲಿಯಿಂದ ಹಿಡಿದು ಶ್ರೀಮಂತರ ಈಜುಕೊಳದವರೆಗೆ ಹುಡುಗರು ಕೇಳಿದ್ದೇ ಕೇಳಿದ್ದು. ಆಯಮ್ಮ ಗೊತ್ತಿದ್ದುದನ್ನು ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ತಂಡದವರು ಇಂಥ ಜೀವಂತ ಸಂವಾದವನ್ನು ಎಲ್ಲೂ ಕಂಡಿಲ್ಲವೆಂದು ಹಾಡಿ ಹೊಗಳಿ, ನಮಗೆ ಅತ್ಯುತ್ತಮ ದರ್ಜೆ ದಯಪಾಲಿಸಿ ಹೋದರು.

ಸಂಜೆ ಮುಖ್ಯಸ್ಥರು ನಮ್ಮ ಕೋಣೆಗೆ ತಾವೇ ಬಂದರು. ಮೇಷ್ಟ್ರು ಧಡಕ್ಕನೆ ಎದ್ದು ನಿಂತರು.

"ಅದ್ಭುತವಾಗಿ ಬಂತು ಕಣ್ರೀ! ಮುಂದಿನ ಸಲ ತಂಡ ಬಂದಾಗಲೂ ಇದೇ ಇರಲಿ. ಆ ಹುಡುಗಿ ಇದೇ ಪ್ರಶ್ನೆ ಕೇಳ್ಲಿ, ನೀವು ಇದೇ ಉತ್ತರ ಕೊಡಿ. ಗಂಟಲು ಕಟ್ಟಿತಲ್ಲ, ಅದನ್ನ ಬಿಡಬೇಡಿ. ನಾಳೆಯಿಂದಲೇ ತಾಲೀಮು ಶುರು ಮಾಡಿ."

"ಸರ್, ನನ್ನ ಕಾಯಂ ವಿಷಯ..."

ಮುಖ್ಯಸ್ಥರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅಲ್ರೀ, ಕಾಯಂ ಮಾಡಿಬಿಟ್ರೆ ಆ ಉತ್ತರ ಹೇಗೆ ಕೊಡ್ತೀರಿ?"

ಮರುದಿನ ಕೊನೆಯ ತರಗತಿಯ ಬಾಗಿಲು ಹಾಕಿತ್ತು. ನಾನು ಕಿಟಕಿಯಲ್ಲಿ ಇಣುಕಿದೆ. ಹುಡುಗಿ ತಲೆ ತಗ್ಗಿಸಿಕೊಂಡೇ ಪ್ರಶ್ನೆ ಕೇಳಿದಳು. "ಬರಲ್ಲ ಅಂತಲ್ಲಮ್ಮ" ಎಂದು ಮೇಷ್ಟ್ರು ಶುರು ಮಾಡಿದರು. ಗಂಟಲು ಕಟ್ಟುವುದಕ್ಕೆ ಅವರಿಗೆ ಯಾವ ತಾಲೀಮೂ ಬೇಕಾಗಲಿಲ್ಲ.