ಬುಡಕ್ಕೆ ಕಡಿದ ಕಮರ

ಮಸರಕಲ್ಲಿನಿಂದ ಅರಕೇರಾ ಕಡೆ ಹೋಗುವಾಗ ಊರ ದನಕುರಿ ಮೇಯುವ ಗೈರಾಣ ಸಿಗುತ್ತದೆ. ಅಲ್ಲಿ ನೆಟ್ಟ ಗಿಡಗಳನ್ನು ತಿಂಗಳಿಗೊಮ್ಮೆ ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ನೌಕರಿ. ಪ್ರತಿ ಗಿಡಕ್ಕೂ ತಂತಿಯಲ್ಲಿ ಕಟ್ಟಿದ ತಗಡಿನ ಬಿಲ್ಲೆ, ಅದರ ಮೇಲೆ ನಂಬರು. ಗಿಡ ಒಂದು ಗೇಣು ಏರಿದರೆ ನನಗೆ ಎಲ್ಲಿಲ್ಲದ ಹಿಗ್ಗು.

ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಮೂರು ಕಮರದ ಗಿಡಗಳನ್ನು ಯಾರೋ ಬುಡಕ್ಕೆ ಕಡಿದಿದ್ದರು. ಬಿಲ್ಲೆಗಳೂ ಇರಲಿಲ್ಲ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಅಲ್ಲೇ ಆಡು ಮೇಯಿಸುತ್ತಿದ್ದ ಮುದುಕಿಯ ಮೇಲೆ ಹರಿಹಾಯ್ದೆ.

ಆಕೆ ಕೂತು ಬುಡ ಮುಟ್ಟಿ ನೋಡಿದಳು. "ಸೊಪ್ಪು ಬೇಕಾದ್ರ ನಾವು ಕೈಗೆಟುಕೋ ಟೊಂಗಿ ಸವರ್ತೀವಿ. ಬುಡಾನೇ ಕಡದ್ರ ಬರೋ ವರ್ಷ ಆಡು ಏನ್ ತಿಂತಾವ? ಇದು ಒಲಿ ಉರಿಸೋರ ಕೆಲಸ ಅದ, ಯವ್ವಾ."

ಮಾತು ಸರಿಯಾಗಿಯೇ ಇತ್ತು. ಆದರೂ ಹಟಕ್ಕೆ ಬಿದ್ದು, "ಕಾರಣ: ಆಡಿನವರು" ಎಂದು ಬರೆದು ರಾಯಚೂರಿನ ಆಫೀಸಿಗೆ ಫೋಟೋ ಕಳಿಸಿದೆ. ಬೇಲಿ ಹಾಕಿ ಮೇಯಿಸುವುದನ್ನು ಬಂದ್ ಮಾಡಿಸುತ್ತೇವೆ ಎಂದು ಉತ್ತರ ಬಂತು. ಆಕೆಯ ಆಡುಗಳಿಗೆ ಬೇರೆ ಜಾಗವಿಲ್ಲವೆಂದು ನನಗೆ ಗೊತ್ತಿತ್ತು.

ಎರಡು ದಿನ ಕಳೆದು, ಪಾತ್ರೆ ತಿಕ್ಕಲು ನಮ್ಮ ಒಲೆಯ ಬೂದಿ ತೋಡುತ್ತಿದ್ದಾಗ ಕೈಗೆ ತಂತಿ ಸಿಕ್ಕಿತು. ತಂತಿಯ ತುದಿಗೆ ಕಪ್ಪಾದ ಬಿಲ್ಲೆ. ಅದನ್ನು ಅವ್ವನ ಮುಂದೆ ಹಿಡಿದೆ.

ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನೀನೇ ಅಂದಿದ್ದಿಯಲ್ಲ, ಮೂರು ಗಿಡ ಎಲಿ ಉದುರಿ ಸತ್ತಾವ ಅಂತ. ಸತ್ತ ಕಟಗಿ ಅಂತ ಕಡಕೊಂಡು ಬಂದೀನಿ."

ಹೌದು, ಅಂದಿದ್ದೆ. ಕಮರ ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ಸುಮ್ಮನೆ ನಿಲ್ಲುತ್ತದೆಂದು ಟೇಪು ಹಿಡಿದವಳಿಗೇ ಗೊತ್ತಿರಲಿಲ್ಲ.

ಆಫೀಸಿಗೆ ಫೋನ್ ಮಾಡಿ ಹೇಳಿದೆ. ಸಾಹೇಬರು ನನ್ನ ಮರ್ಯಾದೆ ಉಳಿಸಲು ನೋಡಿದರು: "ಯಾರು ಕಡದಾರೋ ಗೊತ್ತಿಲ್ಲ ಅಂತ ಬರೀರಿ, ಸಾಕು." ಹಾಗೆ ಬರೆದರೆ ಅನುಮಾನ ಆಡಿನವರ ಮೇಲೇ ಉಳಿದು ಬೇಲಿ ತಪ್ಪುತ್ತಿರಲಿಲ್ಲ. ಮೊದಲಿನ ಸಾಲು ಹೊಡೆದುಹಾಕಿ, "ಕಾರಣ: ನಮ್ಮ ಮನೆಯ ಒಲೆ" ಎಂದು ಬರೆದೆ. ಬೇಲಿ ಬರಲಿಲ್ಲ. ಅವ್ವ ಎಂಟು ದಿನ ನನ್ನನ್ನು ಮಾತಾಡಿಸಲಿಲ್ಲ.

ಮುದುಕಿಯ ಎದುರು ನಿಲ್ಲಲು ಮಾತ್ರ ನಾಚಿಕೆ. ಮಳೆ ಬೀಳುವವರೆಗೂ ಆಕೆ ಕಂಡರೆ ದಾರಿ ಬದಲಿಸುತ್ತಿದ್ದೆ. ಕೊನೆಗೊಂದು ಮುಂಜಾನೆ ಆಕೆಯೇ ಕೂಗಿ ಕರೆದಳು. ಮೂರರಲ್ಲಿ ಎರಡು ಬುಡ ಚಿಗುರಿದ್ದವು. ಆಕೆ ಅವುಗಳ ನಡುವೆ ನಿಂತು ಕೋಲಿನಿಂದ ತನ್ನ ಆಡುಗಳನ್ನೇ ಅತ್ತ ತಳ್ಳುತ್ತಿದ್ದಳು.

"ಲಗೂ ಬಂದು ಬಿಲ್ಲಿ ಕಟ್ಟು, ಯವ್ವಾ. ಎಂಟು ದಿನದಿಂದ ಕಾಯಾಕತ್ತೀನಿ."