ಊಟದ ಕೋಣೆಯ ಪ್ರವಚನ

ಮೊನ್ನೆ ಮನೆಗೆ ಸುಣ್ಣ ಹಚ್ಚಿಸಿದೆವು. ಹಸಿ ಸುಣ್ಣದ ತಂಪು ವಾಸನೆ ಮೂಗಿಗೆ ಬಡಿಯುತ್ತಲೇ ಧಾರವಾಡದ ಮಿಶನ್ ಬಂಗಲೆಯ ಆ ಸುಣ್ಣ ಬಳಿದ ಉದ್ದನೆಯ ಊಟದ ಕೋಣೆ ಕಣ್ಣ ಮುಂದೆ ನಿಂತಿತು, ಅದರ ತುದಿಯಲ್ಲಿ ಒಬ್ಬರೇ ಕೂತಿರುತ್ತಿದ್ದ ಜರ್ಮನ್ ಪಾದ್ರಿಗಳೂ...

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಮಿಶನ್ನಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಪಾದ್ರಿಗಳು ಲ್ಯಾಟಿನ್ ಪ್ರವಚನವೊಂದನ್ನು ಕನ್ನಡಕ್ಕೆ ತರುತ್ತಿದ್ದರು. ಭಾಷೆ ತಿದ್ದುವುದು ನನ್ನ ಕೆಲಸ. ಕ್ರೈಸ್ತ ಧರ್ಮದ ಮೊದಮೊದಲ ಕಾಲದ ಗುರುವೊಬ್ಬ ಕಿಕ್ಕಿರಿದ ಮಂದಿಯ ಮುಂದೆ ಆಡಿದ ಮಾತು ಅದು. ಮಂದಿ ನಡುನಡುವೆ ಕೂಗುತ್ತಿದ್ದರು, ಗುರು ಅವರಿಗೆ ಉತ್ತರ ಕೊಡುತ್ತಿದ್ದ. ಬರೆದುಕೊಂಡವರು ಗುರುವಿನ ಮಾತನ್ನಷ್ಟೇ ಬರೆದರು. ನೂರಾರು ವರ್ಷಗಳ ಮೇಲೆ ಯುರೋಪಿನ ಮಠಗಳ ಸನ್ಯಾಸಿಗಳು ಅದನ್ನೇ ನಕಲು ಮಾಡಿಕೊಂಡರು. ಊಟದ ಹೊತ್ತಿಗೆ ಒಬ್ಬ ಓದುತ್ತಿದ್ದ, ಉಳಿದವರು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು.

"ವಿಚಾರ ಮಾಡ್ರಿ ಅಕ್ಕೋರ," ಎನ್ನುತ್ತಿದ್ದರು ಪಾದ್ರಿಗಳು. "ಸತ್ತ ಗುರು 'ಯಾಕ ಕೂಗತೀರಿ?' ಅಂತ ಕೇಳ್ತಾನ. ಕೋಣ್ಯಾಗ ಯಾರೂ ಕೂಗಿಲ್ಲ. ಆ ಸನ್ಯಾಸಿಗಳಿಗೆ ಏನು ಕೇಳಿಸಿರಬೇಕು?"

ತಿಳಿಯಲೆಂದು ಅವರೂ ಹಾಗೇ ಮಾಡತೊಡಗಿದರು. ಮಧ್ಯಾಹ್ನ ಒಬ್ಬರೇ ರೊಟ್ಟಿ ಮುರಿಯುತ್ತ ಕೂಡುವರು, ನಾನು ನಿಂತು ಓದುವೆ. ಆ ಪ್ರಶ್ನೆ ಬಂದಲ್ಲಿ ಅವರ ಕೈ ನಿಲ್ಲುತ್ತಿತ್ತು. ನಾನೂ ನಿಲ್ಲಿಸುತ್ತಿದ್ದೆ. ಕಾಗೆಯ ದನಿ ಬಿಟ್ಟರೆ ಬೇರೇನೂ ಇಲ್ಲ. ಆದರೂ ಮುಂದಿನ ಸಾಲಿಗೆ ನಾಲಗೆ ಏಳುತ್ತಿರಲಿಲ್ಲ. ಯಾರದೋ ಮಾತಿನ ನಡುವೆ ಬಾಯಿ ಹಾಕಿದಂತೆ ಅನಿಸುತ್ತಿತ್ತು...

ಯುದ್ಧ ಶುರುವಾಯಿತು. ಜರ್ಮನರನ್ನೆಲ್ಲ ಸೆರೆಬಿಡಾರಕ್ಕೆ ಒಯ್ಯಬೇಕೆಂದು ಸರಕಾರದ ಹುಕುಂ. ಕರೆದೊಯ್ಯಲು ಪೊಲೀಸ್ ಫೌಜದಾರ ಬಂದಾಗ ನಾವು ಕಡೆಯ ಪುಟದಲ್ಲಿದ್ದೆವು.

"ಇದೊಂದು ಮುಗಸ್ತೇವ್ರಿ," ಎಂದು ಪಾದ್ರಿಗಳು ಕೈಮುಗಿದರು.

ಫೌಜದಾರ ಒಳ್ಳೆಯವ. ಬಾಗಿಲು ಮುಚ್ಚಿಕೊಂಡು ಪಡಸಾಲೆಯಲ್ಲಿ ಕೂತ. ನಾನು ಓದಿದೆ. ಗುರು ಮತ್ತೊಮ್ಮೆ ಮಂದಿಯನ್ನು ಸುಮ್ಮನಿರಿಸುವ ಜಾಗ ಬಂತು, ಎಂದಿನಂತೆ ನಿಲ್ಲಿಸಿದೆ. ಕೋಣೆ ನಿಶ್ಶಬ್ದ.

ಬಾಗಿಲು ದಡಕ್ಕನೆ ತೆರೆಯಿತು. ಫೌಜದಾರನ ಮುಖ ಬಿಳಿಚಿಕೊಂಡಿತ್ತು. ಮೂಲೆ ಮೂಲೆ ನೋಡಿದ.

"ಅಷ್ಟೂ ಮಂದಿ ಎಲ್ಲಿ ಹೋದ್ರು?"

"ಯಾವ ಮಂದಿರಿ?" ಎಂದೆ.

"ಈಗ ಕೂಗಿದವ್ರು!"

ಪಾದ್ರಿಗಳು ಎದ್ದುಬಂದು ಅವನ ಕೈ ಹಿಡಿದುಕೊಂಡರು. ಕಣ್ಣು ತುಂಬಿ ಬಂದಿತ್ತು. "ಏನಂತ ಕೂಗಿದ್ರು ಸಾಹೇಬ್ರ? ನನಗ ಒಂದು ದಿನಾನೂ ಕೇಳಿಸಲಿಲ್ಲ. ಹೇಳ್ರಿ, ಏನಂದ್ರು?"

ಫೌಜದಾರ ಕೈ ಬಿಡಿಸಿಕೊಂಡು ಹೊರಗೆ ನಡೆದ. ಗಾಡಿ ಹತ್ತುವವರೆಗೂ ಪಾದ್ರಿಗಳು ಕೇಳುತ್ತಲೇ ಇದ್ದರು.

ಅವರು ಆ ಬಿಡಾರದಲ್ಲೇ ತೀರಿಕೊಂಡರೆಂದು ಯುದ್ಧ ಮುಗಿದ ಮೇಲೆ ತಿಳಿಯಿತು. ಫೌಜದಾರ ಆಮೇಲೆಯೂ ಪೇಟೆಯಲ್ಲಿ ಎದುರಾಗುತ್ತಿದ್ದ. ನನ್ನನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದ. ಈಗ ಅವನೂ ಇಲ್ಲ. ಆ ಮಂದಿ ಏನಂದರೆಂದು ಹೇಳಬಲ್ಲವನೂ ಹೋದ, ಕೇಳಲು ಅಷ್ಟು ಹಂಬಲಿಸಿದವರೂ ಹೋದರು...