ತಲೆಬಾಗಿದ ಮೊಹರು

ಜಪಾನಿನ ಅಮಗಸಾಕಿಯ ನಮ್ಮ ಕಂಪನಿಯಲ್ಲಿ, ಸಹಿಯ ಬದಲು ಒತ್ತುವ ಹೆಸರಿನ ಮೊಹರನ್ನು ಕುರಮೊಚಿಯವರಷ್ಟು ಅಂದವಾಗಿ ಒತ್ತುವವರು ಇನ್ನೊಬ್ಬರಿರಲಿಲ್ಲ. ಸಾಹೇಬರ ಮೊಹರಿನ ಪಕ್ಕ ಕೆಳಗಿನವರು ತಮ್ಮದನ್ನು ನೆಟ್ಟಗೆ ಒತ್ತುವಂತಿಲ್ಲ. ನಮಸ್ಕಾರ ಮಾಡುವ ಹಾಗೆ ಅತ್ತ ತುಸು ವಾಲಿಸಬೇಕು. ಮೂವತ್ತೆಂಟು ವರ್ಷ ಅವರು ವಾಲಿಸಿಯೇ ಬದುಕಿದರು. ಮನೆಯಲ್ಲಿ ಮಾತ್ರ ಕಂಬದ ಹಾಗೆ ನೆಟ್ಟಗಿದ್ದರು. ಅಲ್ಲಿ ಅವರದು "ಊಟ", "ಸ್ನಾನ", "ಹಾಸಿಗೆ" ಎಂಬ ಮೂರೇ ಮಾತು.

ಅವರು ನಿವೃತ್ತರಾದ ವರ್ಷವೇ, ಬಿಟ್ಟುಹೋಗುವ ಹೆಂಡತಿಗೂ ಗಂಡನ ಪಿಂಚಣಿಯಲ್ಲಿ ಪಾಲುಂಟು ಎಂಬ ಕಾನೂನು ಬಂತು. ಅವರ ಹೆಂಡತಿ ಫುಸಾಯೊ ವಿಚ್ಛೇದನದ ಅರ್ಜಿ ತಂದು, ತಮ್ಮ ಮೊಹರು ಒತ್ತಿ, ಗಂಡನ ಮುಂದಿಟ್ಟರು. ಸಾಕ್ಷಿಗೆ ಕೆಳಗಿನ ಮನೆಯವನಾದ ನನ್ನನ್ನು ಕರೆಸಿದರು. ಇಂಥ ಹಾಳು ಕೆಲಸಕ್ಕೆಲ್ಲ ನಾನೇ ಬೇಕು.

ಕುರಮೊಚಿ ಅರ್ಜಿಯನ್ನು ಎಳೆದುಕೊಂಡು, ಮೊಹರಿಗೆ ಉಸಿರೂದಿ ಒತ್ತಿದರು.

ಫುಸಾಯೊ ಕನ್ನಡಕ ಹಾಕಿಕೊಂಡು ನೋಡಿದರು. "ಇದೇನ್ರೀ, ಸೊಟ್ಟಗಿದೆ?"

ಗಂಡನ ಮೊಹರು ಹೆಂಡತಿಯ ಮೊಹರಿನತ್ತ ಸೊಗಸಾಗಿ ತಲೆಬಾಗಿತ್ತು. ಕುರಮೊಚಿಯವರ ಕಿವಿ ಕೆಂಪಾಯಿತು. ನಾನೇ ಹೇಳಬೇಕಾಯಿತು. "ಅಭ್ಯಾಸ ಅಕ್ಕಾ. ಪಕ್ಕದಲ್ಲಿ ದೊಡ್ಡೋರ ಮೊಹರಿದ್ರೆ ಅವರ ಕೈ ತಾನಾಗೇ ವಾಲತ್ತೆ."

ಫುಸಾಯೊ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅರ್ಜಿಯನ್ನು ಮಡಚಿ ಚಹಾ ಡಬ್ಬಿಯ ಕೆಳಗಿಟ್ಟರು.

"ಹರಿಯಲ್ಲ, ಇಟ್ಟಿರ್ತೀನಿ. ಏಳಿ, ಅಕ್ಕಿ ತೊಳೀರಿ."

"ಎಷ್ಟು ಸಲ?" ಎಂದು ಕೇಳಿದರು ಕುರಮೊಚಿ.

ಮದುವೆಯಾದ ಮೇಲೆ ಆ ಮನೆಯಲ್ಲಿ ಅವರಾಡಿದ ನಾಲ್ಕನೆಯ ಮಾತು ಅದು.